ಗಿರಿಜಕ್ಕನ ಮಣೆಯ ಮೇಲೆ ಮದರ್‌ಬೋರ್ಡ್

ಕಳೆದ ತಿಂಗಳು ಮೈಸೂರಿನಲ್ಲಿ ಮಿಕ್ಸಿ ರಿಪೇರಿಗೆಂದು ಒಂದು ಸಣ್ಣ ಅಂಗಡಿಗೆ ಹೋಗಿದ್ದೆ. ಹೊರಗೆ ಜಿಟಿಜಿಟಿ ಮಳೆ. ಒಳಗೆ ಅಂಗಡಿಯವರು ಯಾವುದೋ ತಂತಿಗೆ ಬೆಸುಗೆ ಹಾಕುತ್ತಿದ್ದರು. ಕರಗಿದ ರಾಳದ ಹೊಗೆ ಮತ್ತು ಒದ್ದೆ ಕೊಡೆಗಳ ವಾಸನೆ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ನಾನು ಮಿಕ್ಸಿಯನ್ನು ಮರೆತು ಚೆಂಬೂರಿನ ಎರಡು ಕೋಣೆಯ ಮನೆಯೊಂದರಲ್ಲಿ ನಿಂತಿದ್ದೆ. "ಮೇಡಂ, ಜಾರ್ ತಂದಿದೀರಾ?" ಎಂದು ಅವರು ಎರಡನೆಯ ಸಲ ಕೇಳಿದ ಮೇಲೆಯೇ ವಾಪಸು ಬಂದೆ. ಜಾರ್ ತಂದಿರಲಿಲ್ಲ. ಪಾಪ, ವಯಸ್ಸಾಗಿದೆ ಅಂದುಕೊಂಡಿರಬೇಕು.

ಅದು ತೊಂಬತ್ತೊಂದರ ಮಳೆಗಾಲ. ನಾನು ಕೆಲಸಕ್ಕೆಂದು ಮುಂಬೈಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಫೋರ್ಟ್ ಕಡೆಯ ಒಂದು ವಿಮಾ ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ದಿನವಿಡೀ ಪಾಲಿಸಿ ನಂಬರುಗಳನ್ನು ಕುಟ್ಟುವುದು ನನ್ನ ಕೆಲಸ. ಆ ಕೋಣೆಗೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಿತ್ತು. ಏಸಿ ಹಾಕಿದ್ದು ಯಂತ್ರಗಳಿಗೆ, ಅವುಗಳ ಪುಣ್ಯದಿಂದ ನಮಗೂ ತಂಪು. ಊರಿನಲ್ಲಿ ನಮ್ಮಪ್ಪ ಸಿಕ್ಕವರಿಗೆಲ್ಲ "ಮಗಳು ಬೊಂಬಾಯಲ್ಲಿ ಕಂಪ್ಯೂಟರಲ್ಲಿದಾಳೆ" ಎಂದು ಹೇಳಿಕೊಂಡು ಓಡಾಡುತ್ತಿದ್ದರು. ಆ ಪೆಟ್ಟಿಗೆಯ ಒಳಗೆ ಏನಿದೆ ಎಂದು ನಾನು ಒಂದು ದಿನವೂ ಇಣುಕಿ ನೋಡಿದವಳಲ್ಲ.

ಚೆಂಬೂರಿನಲ್ಲಿ ವಾಸಣ್ಣ, ಗಿರಿಜಕ್ಕ ಎಂಬ ಉಡುಪಿ ಕಡೆಯ ಗಂಡ ಹೆಂಡತಿಯ ಮನೆಯಲ್ಲಿ ನಾನು ಪೇಯಿಂಗ್ ಗೆಸ್ಟ್ ಆಗಿದ್ದೆ. ಅವರು ಒಬ್ಬಳೇ ಮಗಳನ್ನು ಠಾಣೆಗೆ ಮದುವೆ ಮಾಡಿ ಕಳಿಸಿದ ಮೇಲೆ ಖಾಲಿಯಾದ ಒಳಕೋಣೆ ನನ್ನದಾಯಿತು. ಉಡುಪಿಯಿಂದ ಮುಂಬೈಗೆ ಬಂದವರೆಲ್ಲ ಹೋಟೆಲಿಗೇ ಸೇರುವುದು ಎಂದು ನಾನು ತಿಳಿದಿದ್ದೆ. ವಾಸಣ್ಣನೂ ಹಾಗೆಯೇ ಬಂದವರಂತೆ. ಆದರೆ ಅಡುಗೆಮನೆಯ ಹಿಟ್ಟು ರುಬ್ಬುವ ಯಂತ್ರ ಕೆಟ್ಟಾಗೆಲ್ಲ ಅದನ್ನು ಬಿಚ್ಚಿ ಕೂರುತ್ತಿದ್ದ ಹುಡುಗನನ್ನು ನೋಡಿ ಯಾರೋ ಗಿರಾಕಿ ಬೈಕುಲ್ಲಾದ ಬಟ್ಟೆ ಮಿಲ್ಲಿಗೆ ಸೇರಿಸಿದರು. ಅಲ್ಲಿಂದ ಮುಂದೆ ಅವರ ಬದುಕೆಲ್ಲ ಲೂಮುಗಳ, ಅಂದರೆ ಮಗ್ಗದ ಯಂತ್ರಗಳ, ಫಿಟ್ಟರ್ ಕೆಲಸದಲ್ಲೇ ಕಳೆಯಿತು. ನಾನು ಆ ಮನೆಗೆ ಬರುವ ಹೊತ್ತಿಗೆ ಮಿಲ್ಲಿಗೆ ಬೀಗ ಬಿದ್ದು ವರ್ಷಗಳೇ ಆಗಿದ್ದವು.

ಬೀಗ ಬಿದ್ದರೂ ವಾಸಣ್ಣ ಬೆಳಿಗ್ಗೆ ಏಳುವುದು ಶಿಫ್ಟಿನ ಹೊತ್ತಿಗೇ. ಕ್ಷೌರ, ಸ್ನಾನ, ಇಸ್ತ್ರಿ ಮಾಡಿದ ಅಂಗಿ. ಚೆಂಬೂರಿನಲ್ಲಿ ಲೋಕಲ್ ರೈಲು ಹಿಡಿದು, ಕುರ್ಲಾದಲ್ಲಿ ಬದಲಿಸಿ, ಬೈಕುಲ್ಲಾದಲ್ಲಿ ಇಳಿದು ಮಿಲ್ಲಿನ ಗೇಟಿನ ಎದುರು ಹೋಗಿ ಕೂರುತ್ತಿದ್ದರು. ಅಲ್ಲಿ ಅವರಂಥವರೇ ಇನ್ನಷ್ಟು ಮಂದಿ. ಇಂದು ತೆರೆಯುತ್ತದಂತೆ, ದೀಪಾವಳಿಗೆ ತೆರೆಯುತ್ತದಂತೆ, ಹೊಸ ಮಾಲಿಕರು ಬರುತ್ತಾರಂತೆ ಎಂಬ ಮಾತು. ಮಧ್ಯಾಹ್ನ ಊಟದ ಹೊತ್ತಿಗೆ ವಾಪಸು. ಗಿರಿಜಕ್ಕ ಅದನ್ನು ಯಾವತ್ತೂ ಆಡಿಕೊಳ್ಳಲಿಲ್ಲ. ಅವರು ನಿಜವಾಗಿಯೂ ಕೆಲಸಕ್ಕೆ ಹೊರಟ ಗಂಡನನ್ನು ಕಳಿಸುವ ಹಾಗೆಯೇ ಬಾಗಿಲ ತನಕ ಬಂದು ಕಳಿಸುತ್ತಿದ್ದರು. ಬಾಗಿಲು ಹಾಕಿದ ಮೇಲೆ ಸ್ವಲ್ಪ ಹೊತ್ತು ಅಲ್ಲೇ ನಿಂತಿರುತ್ತಿದ್ದರು.

ಗಿರಿಜಕ್ಕನ ತಮ್ಮ ಸುಧಾಕರನಿಗೆ ಬೈಕುಲ್ಲಾದಲ್ಲೇ ಸ್ವಂತ ಹೋಟೆಲು. ಒಳ್ಳೆಯ ಮನುಷ್ಯ, ಮಾತು ಜಾಸ್ತಿ. ಜುಲೈಯ ಒಂದು ಭಾನುವಾರ ಊಟಕ್ಕೆ ಬಂದವನು ಹಲಸಿನ ಬೀಜದ ಸಾರು ಸುರಿದುಕೊಳ್ಳುತ್ತ ಸುದ್ದಿ ತೆಗೆದ. ಕೃಷ್ಣಾಷ್ಟಮಿಗೆ ಅವನ ಹೋಟೆಲಿನ ಮಹಡಿಯಲ್ಲಿ ಹೊಸ ಏಸಿ ಹಾಲ್ ಶುರುವಾಗುವುದು. ಅಲ್ಲಿ ಬಿಲ್ಲನ್ನು ಕಂಪ್ಯೂಟರೇ ಕೊಡಬೇಕು ಎಂಬುದು ಅವನ ಆಸೆ. ಭಾಗಗಳನ್ನು ಲ್ಯಾಮಿಂಗ್ಟನ್ ರೋಡಿನಲ್ಲಿ ಬಿಡಿಬಿಡಿಯಾಗಿ ಕೊಂಡು ಜೋಡಿಸಿಕೊಳ್ಳಬಹುದು ಎಂದು ಯಾರೋ ಅವನ ಕಿವಿ ಊದಿದ್ದರು.

"ಭಾವ, ನೀವು ಅಷ್ಟು ದೊಡ್ಡ ಲೂಮನ್ನು ಬಿಚ್ಚಿ ಕಟ್ಟಿದವರು. ಇದೆಂತ ಮಹಾ? ನೀವೇ ಜೋಡಿಸಿ ಕೊಡಿ" ಎಂದ. "ನಮ್ಮ ಊರಿನ ಬೇರೆ ಹೋಟೆಲಿನವ್ರು ಎಲ್ಲ ನನ್ನನ್ನು ನೋಡ್ತಾ ಇದ್ದಾರೆ. ನಂದು ಸರಿಯಾದ್ರೆ ಅವ್ರಿಗೂ ಬೇಕು. ನಿಮ್ಗೆ ಕೈತುಂಬ ಕೆಲಸ."

ವಾಸಣ್ಣ ಕೈ ತೊಳೆಯದೆ ಕೂತಿದ್ದರು. "ಆಗ್ಲಿಲ್ಲಾಂದ್ರೆ?" ಎಂದು ಕೇಳಿದರು.

"ಆಗ್ಲಿಲ್ಲಾಂದ್ರೆ ಎಂತ ಉಂಟು? ಗಲ್ಲೆಯ ಹತ್ರ ಬಂದು ಕೂತ್ಕೊಳ್ಳಿ. ಕೂಪನ್ ಹರಿದು ಕೊಡುದು. ಫ್ಯಾನ್ ಅಡಿಯಲ್ಲಿ ಕೆಲಸ. ನೀವು ನಮ್ಮವರು, ಬೇರೆಯವ್ರನ್ನು ಕೂರಿಸುದಕ್ಕಿಂತ ಒಳ್ಳೇದೇ ಅಲ್ವಾ?"

ಅವನು ಪ್ರೀತಿಯಿಂದಲೇ ಹೇಳಿದ್ದು. ಆದರೆ ಆ ಸಂಜೆ ಅಕ್ಕಿ ಆರಿಸುತ್ತ ಗಿರಿಜಕ್ಕ ನನ್ನ ಹತ್ತಿರ ಬಾಯಿ ಬಿಟ್ಟರು. "ಸುಧಾಕರನ ಹತ್ರ ಕೂತ್ರೆ ಊಟಕ್ಕೆ ತೊಂದ್ರೆ ಇಲ್ಲ ಲಲಿತಾ, ನಂಗೆ ಗೊತ್ತುಂಟು. ಆದ್ರೆ ಇವ್ರು ಕೈ ಕಟ್ಟಿ ಕೂತ್ರೆ ಬದುಕುವ ಜನ ಅಲ್ಲ ಮಾರಾಯ್ತಿ. ಗೇಟಿನ ಎದುರು ಕೂತು ಕೂತು ಅರ್ಧ ಆಗಿದ್ದಾರೆ. ಆ ಕೂಪನ್ ಹರಿಲಿಕ್ಕೆ ಶುರು ಮಾಡಿದ್ರೆ ಉಳಿದ ಅರ್ಧವೂ ಹೋಗ್ತದೆ." ಅಷ್ಟು ಹೇಳಿ ಮತ್ತೆ ಮೊರಕ್ಕೆ ಬಗ್ಗಿದರು. ನನಗೂ ಅವತ್ತಿನಿಂದ ಆ ಕಂಪ್ಯೂಟರ್ ನಡೆಯಲೇಬೇಕು ಎಂದಾಯಿತು.

ವಾಸಣ್ಣ ಒಂದು ದಿನ ಇಡೀ ಲ್ಯಾಮಿಂಗ್ಟನ್ ರೋಡಿನ ಅಂಗಡಿಯಲ್ಲಿ ಕೂತು, ಅಲ್ಲಿನವರು ಒಂದು ಯಂತ್ರ ಜೋಡಿಸುವುದನ್ನು ನೋಡಿಕೊಂಡು ಬಂದರು. ಮರುದಿನ ಟ್ಯಾಕ್ಸಿಯಲ್ಲಿ ಪೆಟ್ಟಿಗೆಗಳು ಬಂದವು. ಹೊರಕೋಣೆಯ ದಿವಾನದ ಮೇಲಿನ ಚಾದರ ತೆಗೆದು, ಹಳೆಯ ಪತ್ರಿಕೆ ಹಾಸಿ, ಎಲ್ಲವನ್ನೂ ಸಾಲಾಗಿ ಇಟ್ಟರು. ಟೀವಿಯಂಥ ಪರದೆ, ತಗಡಿನ ದೊಡ್ಡ ಡಬ್ಬ, ಅದರೊಳಗೆ ಕೂರಬೇಕಾದ ಹಸಿರು ಹಲಗೆ, ಅದೇ ಮದರ್‌ಬೋರ್ಡು. ಹೊಚ್ಚ ಹೊಸದು. ಗಿರಿಜಕ್ಕ ಅದನ್ನು ಬಗ್ಗಿ ನೋಡಿ, "ಇದ್ರ ಮೇಲೆ ಒಂದು ಊರೇ ಉಂಟಲ್ಲ" ಎಂದರು.

ಮಳೆಯಿಂದಾಗಿ ಒಗೆದ ಬಟ್ಟೆಗಳೆಲ್ಲ ಮನೆಯೊಳಗೇ ಹಗ್ಗದ ಮೇಲೆ. ನನ್ನ ದುಪಟ್ಟಾಗಳ ಕೆಳಗೆ ಕೂತು ವಾಸಣ್ಣ ಕೆಲಸ ಶುರು ಮಾಡಿದರು. ಅವರು ಕೆಲಸ ಮಾಡುವುದನ್ನು ನಾನು ಮೊದಲ ಸಲ ನೋಡಿದ್ದು ಆಗ. ಗೇಟಿನಿಂದ ಬಂದು ಗೋಡೆ ನೋಡುತ್ತ ಊಟ ಮಾಡುವ ಮನುಷ್ಯನೇ ಇವರು ಎಂದು ನಂಬುವುದು ಕಷ್ಟವಾಯಿತು. ಬೆನ್ನು ನೆಟ್ಟಗೆ, ಬಾಯಲ್ಲಿ ಎರಡು ಸ್ಕ್ರೂ, ಮೂಗಿನ ತುದಿಯಲ್ಲಿ ಕನ್ನಡಕ. ನಡುನಡುವೆ ಯಂತ್ರಕ್ಕೆ ತುಳುವಿನಲ್ಲಿ ಬೈಗಳು ಬೇರೆ.

ಡಬ್ಬದ ತಳದ ತಗಡಿನಲ್ಲಿ ಬಹಳ ತೂತುಗಳಿದ್ದವು. ಹಿತ್ತಾಳೆಯ ಸಣ್ಣ ಗೂಟಗಳನ್ನು ಆ ತೂತುಗಳಿಗೆ ತಿರುಗಿಸಿ, ಅವುಗಳ ಮೇಲೆ ಬೋರ್ಡನ್ನು ಕೂರಿಸಿ ಸ್ಕ್ರೂ ಹಾಕಬೇಕು. ಡಬ್ಬದ ಜೊತೆ ಬಂದ ಪೊಟ್ಟಣದಲ್ಲಿ ಗೂಟಗಳು ಕೆಲವೇ ಇದ್ದವು, ತೂತುಗಳು ಅದಕ್ಕಿಂತ ಎಷ್ಟೋ ಹೆಚ್ಚು. ವಾಸಣ್ಣನಿಗೆ ಸಿಟ್ಟೇ ಬಂತು.

"ನೋಡು ಇವ್ರ ಕಾಟಾಚಾರದ ಕೆಲಸ. ಅಂಗಡಿಯಲ್ಲೂ ಹೀಗೇ, ನಾಲ್ಕು ಕಡೆ ಸ್ಕ್ರೂ ಹಾಕಿ ಆಯ್ತು ಅಂದ್ರು. ಮಿಲ್ಲಿನಲ್ಲಿ ನಮ್ಮ ಉಸ್ತಾದ್ ಇದ್ರೆ ಕಿವಿ ಹಿಂಡ್ತಿದ್ರು. ಒಂದು ಬೋಲ್ಟಿನ ತೂತು ಖಾಲಿ ಬಿಟ್ಟು ಲೂಮ್ ಓಡಿಸಿದ್ರೆ ಎಂತ ಆಗ್ತದೆ ಗೊತ್ತುಂಟಾ? ಫ್ರೇಮ್ ನಡುಗ್ಲಿಕ್ಕೆ ಶುರು. ಇವತ್ತು ನಡುಗ್ತದೆ, ನಾಳೆ ಬಿರುಕು ಬಿಡ್ತದೆ."

ಮರುದಿನ ಗೇಟಿಗೆ ಹೋದವರು ಬೈಕುಲ್ಲಾದ ಒಬ್ಬ ಪರಿಚಯದ ಲೇತ್ ಕೆಲಸದವನ ಹತ್ತಿರ ಕೂತು, ಅದೇ ಅಳತೆಯ ಹಿತ್ತಾಳೆ ಗೂಟಗಳನ್ನು ಕಡೆಸಿಕೊಂಡು ಬಂದರು. ಕೂದಲೆಳೆಯಷ್ಟೂ ಎತ್ತರ ತಗ್ಗಿಲ್ಲ. ಎಲ್ಲ ತೂತುಗಳಿಗೂ ಗೂಟ ಬಿತ್ತು. ಬೋರ್ಡಿನಲ್ಲಿ ಸ್ಕ್ರೂಗೆ ಜಾಗವಿಲ್ಲದ ಕಡೆಯೂ ಕೆಳಗಿನಿಂದ ಆಸರೆ ಇರಲಿ ಎಂದರು. ಆ ಹೊಳೆಯುವ ಹಿತ್ತಾಳೆಯ ಸಾಲು ನೋಡಿ ನಾನು ಮನಸಾರೆ ಹೊಗಳಿದೆ. ಬೋರ್ಡನ್ನು ಕೂರಿಸಿ, ಸ್ಕ್ರೂ ಬಿಗಿದು, ಬಿಟ್ಟುಕೊಂಡಿದ್ದ ಒಂದು ತಂತಿಗೆ ಬೆಸುಗೆ ಹಾಕಿ ಮನೆಯಿಡೀ ರಾಳದ ಹೊಗೆ ತುಂಬಿಸಿ, ಉಳಿದ ತಂತಿಗಳನ್ನು ಜೋಡಿಸಿದರು. ಗಿರಿಜಕ್ಕ ದೇವರಿಗೆ ದೀಪ ಹಚ್ಚಿ ಬಂದರು. ವಾಸಣ್ಣ ಹಿಂಬದಿಯ ದೊಡ್ಡ ಕೆಂಪು ಸ್ವಿಚ್ಚನ್ನು ಒತ್ತಿದರು.

ಒಳಗಿನ ಫ್ಯಾನು ಅರ್ಧ ಸುತ್ತು ತಿರುಗಿ ನಿಂತಿತು. ಅಷ್ಟೇ. ಪರದೆ ಕಪ್ಪು. ಸದ್ದಿಲ್ಲ, ಬೆಳಕಿಲ್ಲ.

ಮತ್ತೆ ಒತ್ತಿದರು. ಮತ್ತೆ ಅದೇ ಅರ್ಧ ಸುತ್ತು.

ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಆಮೇಲೆ ಇಬ್ಬರೂ ನನ್ನನ್ನು ನೋಡಿದರು, ಯಾಕೆಂದರೆ ಆ ಮನೆಯ ಮಟ್ಟಿಗೆ 'ಕಂಪ್ಯೂಟರಿನಲ್ಲಿ ಇರುವವಳು' ನಾನು. ದಿನಾ ಬಸ್ಸಿನಲ್ಲಿ ಕೂರುವವಳನ್ನು ಎಂಜಿನ್ ರಿಪೇರಿಗೆ ಕರೆದಂತಾಯಿತು. "ನಂಗೇನೂ ಗೊತ್ತಾಗಲ್ಲ ವಾಸಣ್ಣ, ನಮ್ಮಾಫೀಸಲ್ಲಿ ಕೆಟ್ಟರೆ ಫೋನ್ ಮಾಡ್ತಾರೆ, ಯಾರೋ ಬರ್ತಾರೆ" ಎಂದೆ. ಅವರು ನಕ್ಕುಬಿಟ್ಟರು. "ಇಲ್ಲಿ ಆ ಬರುವವ ನಾನೇ ಅಲ್ವಾ" ಎಂದರು.

ಅಲ್ಲಿಂದ ಶುರುವಾಯಿತು ನಮ್ಮ ಪತ್ತೇದಾರಿ. ಮೊದಲು ಕರೆಂಟಿನ ಮೇಲೆ ಅನುಮಾನ. ಟೇಬಲ್ ಲ್ಯಾಂಪನ್ನು ಅದೇ ಪ್ಲಗ್ಗಿಗೆ ಹಾಕಿದರೆ ಚೆನ್ನಾಗಿ ಉರಿಯಿತು. ಬೋರ್ಡಿಗೆ ಕರೆಂಟು ಕೊಡುವ ಎರಡು ಪ್ಲಗ್ಗುಗಳ ಕಪ್ಪು ತಂತಿಗಳು ನಡುವೆ ಅಕ್ಕಪಕ್ಕ ಬರಬೇಕು, ಇಲ್ಲದಿದ್ದರೆ ಬೋರ್ಡ್ ಸತ್ತಿತು ಎಂದು ಅಂಗಡಿಯವರು ಹೆದರಿಸಿದ್ದರು. ನೋಡಿದರೆ ಅವು ಸರಿಯಾಗಿಯೇ ಇದ್ದವು. ನೆನಪಿನ ಪಟ್ಟಿಗಳನ್ನು, ಅಂದರೆ ಮೆಮೊರಿಯನ್ನು, ಕಿತ್ತು ರಬ್ಬರಿನಿಂದ ಉಜ್ಜಿ ಮತ್ತೆ ಹಾಕಿದೆವು. ನಾನು ಆಫೀಸಿನಲ್ಲಿ ಯಂತ್ರ ರಿಪೇರಿಗೆ ಬರುವವರನ್ನು ಕಾಡಿ ಬೇಡಿ ಇಷ್ಟು ತಿಳಿದು ಬಂದಿದ್ದೆ: ಒಂದೊಂದೇ ಭಾಗ ತೆಗೆಯುತ್ತ ಹೋಗಿ, ಯಾವುದನ್ನು ತೆಗೆದಾಗ ಜೀವ ಬರುತ್ತದೋ ಅದೇ ಕಳ್ಳ. ಒಂದೊಂದೇ ತೆಗೆದೆವು. ಕೊನೆಗೆ ಬೋರ್ಡ್ ಒಂದೇ ಉಳಿಯಿತು. ಫ್ಯಾನು ಅದೇ ಅರ್ಧ ಸುತ್ತು.

ಹಾಗಾದರೆ ಬೋರ್ಡೇ ಕೆಟ್ಟದ್ದು ಎಂದು ತೀರ್ಮಾನಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮಳೆಯಲ್ಲಿ ಕೂಸನ್ನು ಒಯ್ಯುವ ಹಾಗೆ ಎದೆಗವಚಿಕೊಂಡು ವಾಸಣ್ಣ ಲ್ಯಾಮಿಂಗ್ಟನ್ ರೋಡಿಗೆ ಒಯ್ದರು. ಸಂಜೆ ಬಂದಾಗ ಮುಖ ಸಪ್ಪಗಿತ್ತು.

"ಎಂತ ಹೇಳಿದ್ರು?" ಎಂದರು ಗಿರಿಜಕ್ಕ.

"ಎಂತ ಹೇಳುದು. ಅವ್ರ ಟೇಬಲ್ ಮೇಲೆ ಇಟ್ಟು, ಅವ್ರ ಕರೆಂಟು ಕೊಟ್ಟದ್ದೇ, ಕುಯ್ಯಿ ಅಂತ ಒಂದು ಶಬ್ದ ಮಾಡಿ ಶುರುವಾಯ್ತು. ಬೋರ್ಡ್ ಏಕ್‌ದಮ್ ಸರಿ ಉಂಟು, ನಿಮ್ಮ ಫಿಟ್ಟಿಂಗೇ ಸರಿ ಇಲ್ಲ ಅಂದ್ರು."

ಫಿಟ್ಟಿಂಗ್ ಸರಿಯಿಲ್ಲ ಎಂಬ ಮಾತು ಅವರಿಗೆ ಚುಚ್ಚಿತ್ತು. ಬೇರೆ ಏನು ಹೇಳಿದ್ದರೂ ತಡೆದುಕೊಳ್ಳುತ್ತಿದ್ದರು. ರಾತ್ರಿ ಊಟಕ್ಕೆ ಕೂತು ಅನ್ನ ಕಲಸಿ ಹಾಗೆಯೇ ಬಿಟ್ಟು ಎದ್ದರು. ಮರುದಿನ ಮತ್ತೆ ಎಲ್ಲ ಗೂಟಗಳ ಮೇಲೆ ಬೋರ್ಡನ್ನು ಕೂರಿಸಿ, ಮೊದಲಿಗಿಂತ ಗಟ್ಟಿಯಾಗಿ ಬಿಗಿದರು. ಮತ್ತೆ ಸತ್ತ ಯಂತ್ರ. ಶಾಲೆಯಲ್ಲಿ ಜಾಣ, ಮನೆಯಲ್ಲಿ ತಂಟೆ ಎನ್ನುವ ಮಕ್ಕಳ ಹಾಗೆ ಆಯಿತು ಅದರ ಕಥೆ.

ಆ ವಾರ ಸುಧಾಕರ ಬಂದು ನೋಡಿದ. ನಮ್ಮ ಮನೆಯ ಕರೆಂಟು ಸರಿಯಿಲ್ಲವೇನೋ, ಚೆಂಬೂರಿನ ರಿಫೈನರಿ ಗಾಳಿಗೆ ಹೀಗಾಯಿತೇನೋ ಎಂದೆಲ್ಲ ವಾಸಣ್ಣ ಹೇಳುತ್ತಿದ್ದಾಗ ಅವನು ತಮಾಷೆಗೆ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯ್ತು ಭಾವ" ಎಂದುಬಿಟ್ಟ. ಅಂದ ಮೇಲೆ ತಾನೇ ನಾಲಿಗೆ ಕಚ್ಚಿಕೊಂಡ. "ಬಿಡಿ ಭಾವ, ನಮ್ಮ ಕೆಲಸ ಅಲ್ಲ ಇದು. ನಾನು ಅಂಗಡಿಯಲ್ಲಿ ಜೋಡಿಸಿದ್ದೇ ತರ್ತೇನೆ. ಅಷ್ಟಮಿಯ ದಿನ ನೀವು ಬಂದು ಗಲ್ಲೆಯಲ್ಲಿ ಕೂತ್ರೆ ನಂಗೆ ದೊಡ್ಡ ಉಪಕಾರ."

ವಾಸಣ್ಣ "ಆಯ್ತು" ಎಂದರು. ಜಗಳ ಮಾಡಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಗಿರಿಜಕ್ಕ ಅಡುಗೆಮನೆಯಲ್ಲಿ ಬೇಕಿಲ್ಲದ ಪಾತ್ರೆಗಳನ್ನೆಲ್ಲ ತೆಗೆದು ತೊಳೆಯತೊಡಗಿದರು.

ಅದಾಗಿ ಒಂದೆರಡು ದಿನಕ್ಕೆ ಮಳೆ ಹುಚ್ಚೆದ್ದು ಸುರಿಯಿತು. ಬೆಳಿಗ್ಗೆಯೇ ಕುರ್ಲಾದಲ್ಲಿ ಹಳಿ ಮುಳುಗಿ ಲೋಕಲ್ ನಿಂತವು. ನಾನು ಸ್ಟೇಷನ್ನಿನ ತನಕ ಹೋಗಿ, ಪೂರ್ತಿ ನೆಂದು, ವಾಪಸು ಬಂದೆ. ವಾಸಣ್ಣನಿಗೂ ಗೇಟಿಗೆ ಹೋಗಲಾಗಲಿಲ್ಲ. ಮನೆಯಲ್ಲಿ ಮೂವರೂ ಇದ್ದೆವು. ಗೋಡೆಗಳು ಬೆವರುತ್ತಿದ್ದವು, ಉಪ್ಪಿನ ಭರಣಿಯಲ್ಲಿ ನೀರು ಕೂತಿತ್ತು, ಹಪ್ಪಳ ಮೆತ್ತಗಾಗಿತ್ತು.

ಗಿರಿಜಕ್ಕ ಹಪ್ಪಳದ ಡಬ್ಬ ಹಿಡಿದುಕೊಂಡು ಹೊರಗೆ ಬಂದರು. "ನಂಗೆ ಒಂದು ಗ್ರಹಿಕೆ ಬರ್ತಾ ಉಂಟು. ಈ ಮಳೆಗೆ ಹಪ್ಪಳವೇ ಹೀಗೆ ಆಗಿದೆ, ಆ ಬೋರ್ಡು ಪಾಪ ತಗಡಿನ ಡಬ್ಬದೊಳಗೆ ಎಷ್ಟು ಶೀತ ಕುಡಿದಿರಬೇಕು. ಅದನ್ನು ಹೊರಗೆ ತೆಗೆದು ಗಾಳಿಗೆ ಇಡಿ ನೋಡುವ."

"ಅದು ಹಪ್ಪಳ ಅಲ್ಲ" ಎಂದರು ವಾಸಣ್ಣ.

"ಅಲ್ಲ ಅಂತ ನಂಗೂ ಗೊತ್ತುಂಟು. ಇಟ್ರೆ ಎಂತ ಗಂಟು ಹೋಗ್ತದೆ?"

ಹೇಗೂ ಅದನ್ನು ಬಿಚ್ಚಿ ಅಂಗಡಿಗೆ ವಾಪಸು ಕೊಡಬೇಕಿತ್ತು. ವಾಸಣ್ಣ ಸ್ಕ್ರೂ ಬಿಚ್ಚಿ ಬೋರ್ಡನ್ನು ಎತ್ತಿದರು. ನೆಲ ತೇವ, ದಿವಾನದ ಮೇಲೆ ಒದ್ದೆ ಬಟ್ಟೆ. ಗಿರಿಜಕ್ಕ ಊಟಕ್ಕೆ ಕೂರುವ ಹಲಸಿನ ಮರದ ಮಣೆಯೊಂದನ್ನು ಒರೆಸಿ ತಂದು ಚಾವಣಿಯ ಫ್ಯಾನಿನ ಕೆಳಗೆ ಹಾಕಿದರು. ಅದರ ಮೇಲೆ ಬೋರ್ಡು ಕೂತಿತು. "ಮನೆ ಅಳಿಯನಿಗೂ ನೀವು ಹೀಗೆ ಮಣೆ ಹಾಕಿ ಕೂರ್ಸಿದ್ದು ನಾನು ನೋಡಿಲ್ಲ ಗಿರಿಜಕ್ಕ" ಎಂದೆ. ತುಂಬ ದಿನಗಳ ಮೇಲೆ ಆ ಮನೆಯಲ್ಲಿ ಎಲ್ಲರೂ ನಕ್ಕೆವು.

ಒಂದು ಲೋಟ ಕಾಫಿ ಮುಗಿಯುವಷ್ಟು ಹೊತ್ತು ಫ್ಯಾನಿನ ಗಾಳಿ ಕೊಟ್ಟೆವು. ಆಮೇಲೆ ವಾಸಣ್ಣ, ಬಿಚ್ಚಿದ್ದನ್ನು ಮತ್ತೆ ಡಬ್ಬದೊಳಗೆ ಬಿಗಿಯುವ ಚೈತನ್ಯವಿಲ್ಲದೆ, ಅಲ್ಲೇ ಮಣೆಯ ಮೇಲೆಯೇ ತಂತಿಗಳನ್ನು ಸಿಕ್ಕಿಸಿ ಸ್ವಿಚ್ ಒತ್ತಿದರು.

ಡಬ್ಬದೊಳಗಿನ ಫ್ಯಾನು ತಿರುಗಿತು. ತಿರುಗುತ್ತಲೇ ಇತ್ತು. 'ಕುಯ್ಯಿ' ಎಂದು ಒಂದೇ ಒಂದು ಸದ್ದು. ಪರದೆಯಲ್ಲಿ ಬಿಳಿಯ ಅಕ್ಷರ, ಅದರ ಕೆಳಗೆ ಅಂಕೆಗಳು ಓಡತೊಡಗಿದವು.

ನಾನು ಕಿರುಚಿಕೊಂಡೆ. ಗಿರಿಜಕ್ಕ ಎರಡೂ ಕೈಯನ್ನು ಕೆನ್ನೆಗೆ ಒತ್ತಿಕೊಂಡು, "ನಾನು ಹೇಳ್ಲಿಲ್ವಾ ಶೀತ ಅಂತ!" ಎಂದರು.

ವಾಸಣ್ಣ ಮಾತ್ರ ಕುಣಿಯಲಿಲ್ಲ. ಕನ್ನಡಕ ಸರಿಮಾಡಿಕೊಂಡು ಬೋರ್ಡನ್ನೇ ನೋಡುತ್ತಿದ್ದರು. ನಿಧಾನವಾಗಿ ಆರಿಸಿ, ಅದನ್ನು ಎತ್ತಿ ಮತ್ತೆ ಡಬ್ಬದ ಗೂಟಗಳ ಮೇಲೆ ಇಟ್ಟರು. ಸ್ಕ್ರೂ ಹಾಕಲಿಲ್ಲ, ಸುಮ್ಮನೆ ಇಟ್ಟು ಸ್ವಿಚ್ ಒತ್ತಿದರು. ಅರ್ಧ ಸುತ್ತು. ಮತ್ತೆ ಮಣೆಗೆ. ಓಡಿತು. ಮತ್ತೆ ಡಬ್ಬಕ್ಕೆ. ಸತ್ತಿತು.

"ಶೀತ ಅಲ್ಲ ಗಿರಿಜಾ" ಎಂದರು. ಅವರ ದನಿಯೇ ಬೇರೆಯಾಗಿತ್ತು. "ಯಂತ್ರ ಬಿಡಿಯಾಗಿ ಓಡ್ತದೆ, ಕೂರಿಸಿದ್ರೆ ಓಡುದಿಲ್ಲ. ಲೂಮಿಗೆ ಹೀಗಾದ್ರೆ ನಾವು ಯಂತ್ರವನ್ನು ಮುಟ್ಟುದೇ ಇಲ್ಲ. ಫೌಂಡೇಶನ್ ನೋಡುದು."

ಬೋರ್ಡನ್ನು ತಿರುವಿ ಬೆನ್ನನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅಲ್ಲಿ ಬೆಸುಗೆಯ ಮೊನೆಗಳ ನಡುವೆ ಸಣ್ಣ ಸಣ್ಣ ಹೊಳೆಯುವ ಗೀರುಗಳಿದ್ದವು. ಅವರು ಕಡೆಸಿ ತಂದ ಹೆಚ್ಚಿನ ಗೂಟಗಳು ಒತ್ತಿದ ಜಾಗ ಅವು. ಆಸರೆ ಎಂದು ಇಟ್ಟ ಹಿತ್ತಾಳೆ, ಬೋರ್ಡಿನ ಬೆನ್ನಿನ ಬೆಸುಗೆಗಳಿಗೆ ತಾಗಿ, ಅಲ್ಲಿನ ಕರೆಂಟನ್ನು ನೇರ ತಗಡಿಗೆ ಹಾಯಿಸುತ್ತಿತ್ತು. ಯಂತ್ರ ತನ್ನನ್ನು ಉಳಿಸಿಕೊಳ್ಳಲು ಪ್ರತಿ ಸಲವೂ ಆರಿಹೋಗುತ್ತಿತ್ತು. ಆ ಅಂಗಡಿಯವರು ತೂತುಗಳನ್ನು ಖಾಲಿ ಬಿಟ್ಟದ್ದು ಸೋಮಾರಿತನದಿಂದಲ್ಲ.

ಡೊಂಕಿದ್ದದ್ದು ನೆಲವೇ ಆಗಿತ್ತು. ಆದರೆ ಅದನ್ನು ಅಷ್ಟು ಶ್ರದ್ಧೆಯಿಂದ ಡೊಂಕು ಮಾಡಿದವರು ವಾಸಣ್ಣನೇ. ಅವರಿಗೆ ಅದು ಅರ್ಥವಾದ ಕ್ಷಣ ನನಗೆ ಕಂಡಿತು. ಮುಖ ಒಂದು ಸಲ ಇಳಿಯಿತು. ಇಷ್ಟು ವರ್ಷ ಅನ್ನ ಕೊಟ್ಟ ಪಾಠ, ಉಸ್ತಾದನಿಂದ ಕಲಿತ ಮೊದಲ ಪಾಠ, ಇಲ್ಲಿ ಕೈಕೊಟ್ಟಿತ್ತು. ನಾನು ಏನಾದರೂ ಸಮಾಧಾನ ಹೇಳಬೇಕೆಂದುಕೊಳ್ಳುವಷ್ಟರಲ್ಲಿ ಅವರು ಸ್ಪಾನರ್ ತೆಗೆದುಕೊಂಡು, ತಾವು ಕಡೆಸಿ ತಂದ ಗೂಟಗಳನ್ನು ಒಂದೊಂದಾಗಿ ಬಿಚ್ಚತೊಡಗಿದರು. ಬಿಚ್ಚುವಾಗ ಕೈ ಒಂದಿಷ್ಟೂ ಅವಸರ ಮಾಡಲಿಲ್ಲ. ಬೋರ್ಡಿನ ತೂತುಗಳ ಕೆಳಗೆ ಬರುವವನ್ನಷ್ಟೇ ಉಳಿಸಿ, ಬೋರ್ಡ್ ಕೂರಿಸಿ, ಸ್ಕ್ರೂವನ್ನು ಎರಡು ಬೆರಳಿನಲ್ಲಿ ಹಗುರವಾಗಿ ತಿರುಗಿಸಿದರು.

"ಸಾಕಾ ಅಷ್ಟು? ಅಲ್ಲಾಡುದಿಲ್ವಾ?" ಎಂದರು ಗಿರಿಜಕ್ಕ.

"ಇದು ನಡುಗುವ ಯಂತ್ರ ಅಲ್ಲವಲ್ಲ. ನಡುಗುದು ನಾನು" ಎಂದು ವಾಸಣ್ಣ ಸ್ವಿಚ್ ಒತ್ತಿದರು. ಡಬ್ಬದೊಳಗೆ, ತನ್ನ ಜಾಗದಲ್ಲಿ, ಅದು ಶುರುವಾಯಿತು. ಆಗ ಅವರು ಗೋಡೆಗೆ ಒರಗಿ ಕೂತು, ಕಣ್ಣು ಒರೆಸಿಕೊಂಡು, ಒಂದು ಲೋಟ ನೀರು ಕೇಳಿದರು.

ಸಂಜೆ ಮಳೆ ಕಡಿಮೆಯಾದ ಮೇಲೆ ನಾನೇ ಕೆಳಗಿನ ಕಿರಾಣಿ ಅಂಗಡಿಯಿಂದ ಸುಧಾಕರನಿಗೆ ಫೋನ್ ಮಾಡಿದೆ. "ಹೌದಾ! ಹೌದಾ!" ಎಂದು ಅವನು ಕೂಗಿದ್ದು ಅಂಗಡಿಯಲ್ಲಿದ್ದವರಿಗೆಲ್ಲ ಕೇಳಿತು. ಗಲ್ಲೆಯ ಮಾತು ತೆಗೆಯಲಿಲ್ಲ. ಇನ್ನೊಬ್ಬ ಹೋಟೆಲಿನವರ ಹೆಸರು ಹೇಳಿ, ಅವರಿಗೂ ಒಂದು ಬೇಕಂತೆ, ಭಾವನಿಗೆ ಹೇಳಿ ಎಂದ. ಆ ರಾತ್ರಿ ಗಿರಿಜಕ್ಕ ಮೆತ್ತಗಾದ ಹಪ್ಪಳವನ್ನೇ ಎಣ್ಣೆಗೆ ಬಿಟ್ಟು ಸಂಭ್ರಮ ಮಾಡಿದರು.

ಮಳೆಯಲ್ಲಿ ನೆಂದದ್ದಕ್ಕೆ ಮರುದಿನ ನನಗೆ ನೆಗಡಿ, ಜ್ವರ. ರಜೆ ಹಾಕಿ ಮಲಗಿದ್ದೆ. ಲೋಕಲ್ ಮತ್ತೆ ಓಡುತ್ತಿದ್ದವು. ಬೆಳಿಗ್ಗೆ ನೋಡಿದರೆ ವಾಸಣ್ಣ ಎಂದಿನ ಹೊತ್ತಿಗೇ ಕ್ಷೌರ ಮುಗಿಸಿ, ಇಸ್ತ್ರಿಯ ಅಂಗಿ ತೊಟ್ಟು ಚಪ್ಪಲಿ ಹಾಕುತ್ತಿದ್ದಾರೆ.

"ಎಲ್ಲಿಗೆ?" ಎಂದರು ಗಿರಿಜಕ್ಕ. ಆ ಮನೆಯಲ್ಲಿ ಅವರು ಆ ಪ್ರಶ್ನೆ ಕೇಳಿದ್ದನ್ನು ನಾನು ಮೊದಲ ಸಲ ಕೇಳಿದೆ.

"ಗೇಟಿಗೆ ಹೋಗಿ ಬರ್ತೇನೆ" ಎಂದು ವಾಸಣ್ಣ ಇಳಿದು ಹೋದರು.

ಗಿರಿಜಕ್ಕ ನನಗೆ ಕಷಾಯ ತಂದುಕೊಟ್ಟು ಹಾಸಿಗೆಯ ಬದಿಯಲ್ಲೇ ಕೂತರು. "ಇವತ್ತಾದ್ರೂ ಹೋಗ್ಲಿಕ್ಕಿಲ್ಲ ಅಂತ ಗ್ರಹಿಸಿದ್ದೆ" ಎಂದರು. ಕಣ್ಣು ತುಂಬಿತ್ತು. "ಕೆಲಸ ಸಿಕ್ಕಿದ್ರೂ ಆ ಗೇಟು ಬಿಡುದಿಲ್ಲಾಂದ್ರೆ ಇನ್ನೆಂತ ಮಾಡುದು?" ನನಗೂ ವಾಸಣ್ಣನ ಮೇಲೆ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಇಷ್ಟೆಲ್ಲ ಆದ ಮೇಲೂ ಈ ಮನುಷ್ಯನಿಗೆ ಆ ಮುಚ್ಚಿದ ಬಾಗಿಲೇ ಬೇಕಾ ಅನ್ನಿಸಿತು.

ಊಟದ ಹೊತ್ತಿಗಿಂತ ಬಹಳ ಮೊದಲೇ ಮೆಟ್ಟಿಲ ಮೇಲೆ ಮಾತು ಕೇಳಿಸಿತು. ನಾನೂ ಹೊದಿಕೆ ಸುತ್ತಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಂತೆ. ವಾಸಣ್ಣ ಒಬ್ಬರೇ ಇರಲಿಲ್ಲ. ಅವರ ಹಿಂದೆ ಇಬ್ಬರು, ಒದ್ದೆ ಕೊಡೆಗಳನ್ನು ಎಲ್ಲಿ ಇಡುವುದೆಂದು ತಿಳಿಯದೆ ಬಾಗಿಲಲ್ಲೇ ನಿಂತಿದ್ದರು. ಒಬ್ಬರು ಪಾಂಡುರಂಗ, ಮರಾಠಿಯವರು, ಮಿಲ್ಲಿನಲ್ಲಿ ವಾಸಣ್ಣನ ಜೊತೆಯ ಫಿಟ್ಟರ್. ಇನ್ನೊಬ್ಬರು ರಸೂಲ್ ಎಂಬ ವಯಸ್ಸಾದವರು, ಅಲ್ಲಿಯ ಮೋಟರುಗಳನ್ನು ನೋಡಿಕೊಳ್ಳುತ್ತಿದ್ದವರು. ಇಬ್ಬರ ಅಂಗಿಗೂ ಇಸ್ತ್ರಿ ಇತ್ತು.

ವಾಸಣ್ಣ ಅವರನ್ನು ನೆಲದ ಮೇಲೆ ಕೂರಿಸಿ, ಡಬ್ಬದ ಮುಚ್ಚಳ ತೆಗೆದು, ಯಂತ್ರ ಶುರುಮಾಡಿ ತೋರಿಸಿದರು. ಆಮೇಲೆ ಆರಿಸಿ, ಬೋರ್ಡನ್ನು ಬಿಚ್ಚಿ, ಬೆನ್ನಿನ ಗೀರುಗಳನ್ನು ತೋರಿಸಿ, ತಮ್ಮ ತಪ್ಪನ್ನೂ ವಿವರಿಸಿದರು. ಅವರ ಬೊಂಬಾಯಿ ಹಿಂದಿಯಲ್ಲಿ ಆ ಕಥೆ ಇನ್ನೂ ಚೆನ್ನಾಗಿತ್ತು. ರಸೂಲ್ ಬಿದ್ದು ಬಿದ್ದು ನಕ್ಕರು. ಪಾಂಡುರಂಗ ನಗಲಿಲ್ಲ. ಅವರು ತಳದ ತಗಡಿನ ಖಾಲಿ ತೂತುಗಳ ಮೇಲೆ ಬೆರಳಾಡಿಸುತ್ತಿದ್ದರು. ಫಿಟ್ಟರನ ಬೆರಳು ಅಲ್ಲವೇ, ಖಾಲಿ ತೂತು ಕಂಡರೆ ತಡೆಯದು.

"ಫಿರ್ ಯೇ ಬಾಕಿ ಹೋಲ್ ಕಾಯ್ಕೂ ರಖಾ ಹೈ?" ಎಂದು ಕೇಳಿದರು. ತುಂಬಬಾರದು ಎಂದಾದರೆ ಇವನ್ನು ಮಾಡಿದ್ದಾದರೂ ಯಾಕೆ ಎಂಬುದು ಅವರ ಪ್ರಶ್ನೆ.

"ದೂಸ್ರಾ ಬೋರ್ಡ್ ಕೇ ವಾಸ್ತೇ" ಎಂದರು ವಾಸಣ್ಣ. ಬೇರೆ ಬೋರ್ಡ್ ಬರುತ್ತದಲ್ಲ, ಅದಕ್ಕೆ.

ಪಾಂಡುರಂಗ ತೂತುಗಳ ಮೇಲಿಂದ ಬೆರಳು ತೆಗೆದರು. ಆಮೇಲೆ ಅಂಗಿಯ ತೋಳು ಮಡಚಿಕೊಂಡು ಕೈ ಚಾಚಿದರು. ವಾಸಣ್ಣ ಸ್ಕ್ರೂಡ್ರೈವರ್ ಕೊಟ್ಟು ಪಕ್ಕಕ್ಕೆ ಸರಿದು ಅವರಿಗೆ ಜಾಗ ಮಾಡಿದರು.

ವಾಸಣ್ಣ ನೀರು ಕೇಳಲು ಅಡುಗೆಮನೆಗೆ ಬಂದಾಗ ಗಿರಿಜಕ್ಕ ತಗ್ಗಿದ ದನಿಯಲ್ಲಿ ತುಳುವಿನಲ್ಲಿ ಕೇಳಿದರು, ಇವರನ್ನು ಕರೆಯಲಿಕ್ಕೆ ಹೋದದ್ದು ಅಂತ ತನಗೊಂದು ಮಾತು ಹೇಳಬಾರದಿತ್ತಾ ಎಂದು. ಅಷ್ಟು ತುಳು ನನಗೆ ಆಗಲೇ ಅರ್ಥವಾಗುತ್ತಿತ್ತು.

ವಾಸಣ್ಣ ನೀರು ಕುಡಿದು ಲೋಟ ಇಟ್ಟರು. "ಬರ್ತಾರೋ ಇಲ್ವೋ ನಂಗೇ ಗೊತ್ತಿರ್ಲಿಲ್ಲ ಗಿರಿಜಾ. ಆದ್ರೆ ನಾನೊಬ್ನೇ ಎದ್ದು ಬಂದ್ರೆ ಅವ್ರು ಅಲ್ಲೇ ಕೂತಿರ್ತಾರೆ" ಎಂದರು.

ಗಿರಿಜಕ್ಕ ಒಲೆಗೆ ಏರಿಸಬೇಕೆಂದಿದ್ದ ಪಾತ್ರೆಯನ್ನು ಕೆಳಗಿಳಿಸಿ, ಇನ್ನಷ್ಟು ಅಕ್ಕಿ ಹಾಕಿ ತೊಳೆಯತೊಡಗಿದರು.